ಹಳೇ ಪಿಸಿ ಭಂಗಾರಿಗೆ ಹಾಕುವ ಮುಂಚೆ ಅದರಲ್ಲಿರುವ ಕನ್ನಡ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಪ್ರೊಸೆಸರ್ ಕೂಡ ಹೊಸದಿರಬೇಕು. ಹಾಗಾಗಿ ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಪಿಸಿಗಳು ಈಗ ಭಂಗಾರ್‌ವಾಲಾನ, ಅಂದರೆ ಗುಜರಿಯವನ, ಕೈ ಸೇರುತ್ತಿವೆ. ಮುಂಬಯಿ ಕಡೆಯ ಮಾಟುಂಗಾ, ಭಾಂಡುಪ್, ಡೊಂಬಿವಲಿಯ ಕನ್ನಡ ಮನೆಗಳೂ ಇದಕ್ಕೆ ಹೊರತಲ್ಲ.

ಈ ಪಿಸಿಗಳಲ್ಲಿ ಇರುವುದು ಫೋಟೋ, ಹಾಡು ಮಾತ್ರ ಅಲ್ಲ. ಸಂಘದ ಸ್ಮರಣ ಸಂಚಿಕೆ, ಮಹಾಸಭೆಯ ವರದಿ, ಯಕ್ಷಗಾನದ ಪದ್ಯಗಳು, ರಿಟೈರ್ ಆದ ಮೇಲೆ ಅಜ್ಜ ಕೂತು ಟೈಪ್ ಮಾಡಿದ ಊರಿನ ನೆನಪು, ಎಲ್ಲ ಇರುತ್ತವೆ. ಊರಿನಿಂದ ಇಷ್ಟು ದೂರ ಬಂದು ಕಟ್ಟಿಕೊಂಡ ಕನ್ನಡ ಬದುಕಿನ ದಾಖಲೆ ಅದು. ಬೇರೆಲ್ಲೂ ಇನ್ನೊಂದು ಪ್ರತಿ ಇರುವುದಿಲ್ಲ. ಆದರೆ ಹೊಸ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆಯ ಮೇಲೆ ಓರೆ ಗೆರೆ ಇರುವ 'ಎ' ಸಾಲುಸಾಲಾಗಿ ಕಾಣುತ್ತವೆ. ವೈರಸ್ ಬಂದಿದೆ ಅಂದುಕೊಂಡು ಡಿಲೀಟ್ ಮಾಡಿಬಿಡುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಫೈಲ್ ಕೆಟ್ಟಿಲ್ಲ. ಅದನ್ನು ಬರೆದ ಕಾಲಕ್ಕೆ ಕನ್ನಡವನ್ನು ಕಂಪ್ಯೂಟರ್‌ನೊಳಗೆ ಕೂರಿಸಿದ ರೀತಿಯೇ ಬೇರೆ ಇತ್ತು, ಅಷ್ಟೇ.

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಆಸ್ಕಿ ಎಂಬ ಅಮೆರಿಕದ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ 128 ಸಂಖ್ಯೆಗಳಿದ್ದವು. ಮುಂದೆ ಪಟ್ಟಿ 256ಕ್ಕೆ ಬೆಳೆಯಿತು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಲೆಕ್ಕ ಹಾಕಿದರೆ ಈ ಜಾಗ ಎಲ್ಲಿಗೂ ಸಾಲದು.

ಇದಕ್ಕೆ ಸರಿಯಾದ ದಾರಿ ಬೆಳೆದದ್ದು ಪುಣೆಯಲ್ಲಿ. ಐಐಟಿ ಕಾನ್ಪುರದಲ್ಲಿ ಶುರುವಾದ ಜಿಸ್ಟ್ ಎಂಬ ತಂತ್ರಜ್ಞಾನ, 1988ರಲ್ಲಿ ಪುಣೆಯಲ್ಲಿ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆಗೆ ಬಂತು. ಪಿಸಿಯೊಳಗೆ ಒಂದು ಕಾರ್ಡ್ ಕೂರಿಸಿದರೆ ಡಾಸ್ ಪರದೆಯ ಮೇಲೆ ಭಾರತದ ಭಾಷೆಗಳು ಮೂಡುತ್ತಿದ್ದವು. 1991ರಲ್ಲಿ ಇಸ್ಕಿ ಎಂಬ ರಾಷ್ಟ್ರೀಯ ಮಾನಕವೂ ಬಂತು. ಅದರ ಯೋಚನೆ ಅಚ್ಚುಕಟ್ಟಾಗಿತ್ತು. ಸಂಖ್ಯೆ ಕೊಡುವುದು ಅಕ್ಷರಕ್ಕೆ, ಅಕ್ಷರದ ಚಿತ್ರಕ್ಕಲ್ಲ. 'ನ' ಅಂದರೆ 'ನ', ಅದು ಒತ್ತಾಗಿ ಕೆಳಗೆ ಕೂತರೂ ಅಷ್ಟೇ. ಆದರೆ ಕಾರ್ಡ್ ಹಾಕಿಸಿಕೊಳ್ಳುವುದು ಕಚೇರಿಗಳ ಮಾತು. ಮನೆಯವರಿಗೆ ಅದು ದೂರವೇ ಉಳಿಯಿತು.

ಮನೆಗೆ ಬಂದದ್ದು ಫಾಂಟ್ ದಾರಿ. ಇಂಗ್ಲಿಷ್ 'ಪಿ' ಇರುವ ಜಾಗದಲ್ಲಿ ಕನ್ನಡದ ಒಂದು ತುಂಡಿನ ಚಿತ್ರ ಇಟ್ಟುಬಿಡುವುದು. ಕಂಪ್ಯೂಟರ್ ಅದನ್ನು 'ಪಿ' ಅಂತಲೇ ತಿಳಿಯುತ್ತದೆ, ನಮಗೆ ಕನ್ನಡ ಕಾಣುತ್ತದೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಬರೆದರೆ ಒಳಗೆ ಏಳು ತುಂಡು ಇರುತ್ತವೆ. ತಲೆಕಟ್ಟಿಲ್ಲದ 'ಕ'ಕ್ಕೆ 'ಪಿ', ಅದರ ತಲೆಕಟ್ಟಿಗೆ ಓರೆ ಗೆರೆಯ 'ಎ', 'ನ'ದ ಮೈಗೆ ಪೌಂಡ್ ಗುರುತು, ಮತ್ತೆ ತಲೆಕಟ್ಟು, ಒತ್ತು ನಕಾರಕ್ಕೆ ಜರ್ಮನ್ ಭಾಷೆಯ ಒಂದು ಅಕ್ಷರ, 'ಡ'ಕ್ಕೆ 'ಕ್ಯೂ', ಕೊನೆಗೆ ಇನ್ನೊಂದು ತಲೆಕಟ್ಟು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಈ ಏಳೂ ತಮ್ಮ ನಿಜರೂಪದಲ್ಲೇ ಕಾಣುತ್ತವೆ. ನಿಮ್ಮ ಫೈಲಿಗೆ ಆಗಿರುವುದು ಇದೇ.

ಇದನ್ನು ಮಾಡಿದವರನ್ನು ದೂರಲು ನನಗೆ ಮನಸ್ಸಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಸಿಕ್ಕಾಗ, ಮನೆಯಲ್ಲಿ ಕೂತು ಕನ್ನಡ ಬರೆಯಬಹುದು ಅನ್ನುವುದೇ ದೊಡ್ಡ ಸುದ್ದಿ. ಮುಂಬಯಿಯಲ್ಲಿ ಕನ್ನಡ ಡಿಟಿಪಿ ಮಾಡುವವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಇನ್ನು ನುಡಿಯ ಕೀಲಿಮಣೆಯ ಹಿಂದಿರುವುದೂ ಈ ಊರಿನ ನಂಟೇ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಅವರು ರೂಪಿಸಿದ ಕೀಲಿಮಣೆಯನ್ನೇ ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. 'ಕನ್ನಡ' ಅನ್ನಲು ಅದರಲ್ಲಿ ಐದೇ ಕೀಲಿ: ಕೆ, ಎನ್, ಒತ್ತಿಗೆ ಎಫ್, ಮತ್ತೆ ಎನ್, 'ಡ'ಕ್ಕೆ ಡಬ್ಲ್ಯೂ. ಅಂದರೆ ಬೆರಳು ಐದು ಅಕ್ಷರ ಒತ್ತಿದರೆ ಫೈಲಿನಲ್ಲಿ ಏಳು ತುಂಡು ಉಳಿಯುತ್ತಿತ್ತು.

ಪ್ರಪಂಚದ ಭಾಷೆಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಎಂಬ ಪಟ್ಟಿಯಲ್ಲಿ 'ಕನ್ನಡ'ಕ್ಕೆ ಇರುವುದೂ ಐದೇ ಸಂಖ್ಯೆ, ಅದೇ ಕ್ರಮದಲ್ಲಿ. ಇಸ್ಕಿಯ ಯೋಚನೆಯನ್ನೇ ಆಧರಿಸಿ 1991ರ ಮೊದಲ ಆವೃತ್ತಿಯಲ್ಲೇ ಯುನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಎಂಬ ಕನ್ನಡ ಫಾಂಟೂ ಬಂತು. ಮತ್ತೆ ಮನೆಗಳಲ್ಲಿ ಯಾಕೆ ಬಳಕೆಗೆ ಬರಲಿಲ್ಲ? ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಕಾಣಬೇಕಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಗುರುತು ಹಾಕಬೇಕಿತ್ತು. ಹಾಕಿದ ಕೂಡಲೇ ಅದು ಎಕ್ಸ್‌ಪಿಯ ಸಿಡಿ ಕೇಳುತ್ತಿತ್ತು. ಲ್ಯಾಮಿಂಗ್ಟನ್ ರೋಡಿನಲ್ಲಿ ಜೋಡಿಸಿ ತಂದ ಪಿಸಿ ಜೊತೆ ಸಿಡಿ ಎಲ್ಲಿರುತ್ತದೆ ಹೇಳಿ! ನುಡಿ ಹಾಗಲ್ಲ. ಇನ್‌ಸ್ಟಾಲ್ ಮಾಡಿದರೆ ಸಾಕು, ಬರೆಯಲು ಕೂರಬಹುದಿತ್ತು. ನನ್ನ ಪ್ರಕಾರ ಯುನಿಕೋಡ್ ಹಿಂದೆ ಬೀಳಲು ಈ ಸಿಡಿಯೂ ಒಂದು ಕಾರಣ.

ಇನ್ನೊಂದು ಕಾರಣ ಪ್ರೆಸ್ಸು. ಅಲ್ಲಿ ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರ್‌ನಲ್ಲಿ. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯದು, ಅದಕ್ಕೆ ಯುನಿಕೋಡ್ ಬರುತ್ತಲೇ ಇರಲಿಲ್ಲ. ಹಾಗಾಗಿ ಸ್ಮರಣ ಸಂಚಿಕೆಗೆ ಲೇಖನ ಕೊಡುವವರಿಗೆಲ್ಲ 'ನುಡಿಯಲ್ಲಿ ಕಳಿಸಿ' ಅನ್ನುವ ಮಾತೇ ಬರುತ್ತಿತ್ತು. ಹೀಗೆ ಮನೆಯವರೂ ಹಳೇ ದಾರಿಯಲ್ಲೇ ಉಳಿದರು.

ಕೊನೆಗೆ ಯುನಿಕೋಡ್ ತಂದುಕೊಟ್ಟದ್ದು ಫೋನು. 2012ರ ಆಂಡ್ರಾಯ್ಡ್ 4.1ರಿಂದ ಕನ್ನಡ ಸರಿಯಾಗಿ ಕಾಣತೊಡಗಿತು, 2017ರಲ್ಲಿ ಗೂಗಲ್‌ನ ಫೋನ್ ಕೀಲಿಮಣೆಯಾದ ಜಿಬೋರ್ಡ್‌ಗೆ ಮಾತಾಡಿದರೆ ಕನ್ನಡ ಮೂಡುವ ಸೌಲಭ್ಯವೂ ಬಂತು. ಈಗ ವಾಟ್ಸಾಪ್‌ನಲ್ಲಿ ಕನ್ನಡ ಬರೆಯುವವರೆಲ್ಲ ಗೊತ್ತಿಲ್ಲದೇ ಯುನಿಕೋಡ್ ಬಳಸುತ್ತಿದ್ದಾರೆ. ಹೀಗೆ ಒಂದೇ ಮನೆಯಲ್ಲಿ ಎರಡು ಕನ್ನಡ. ಅಪ್ಪನ ಪಿಸಿಯ ಫೈಲು ಪುಣೆಯಲ್ಲಿರುವ ಮಗಳ ಫೋನಿನಲ್ಲಿ ಓದಲು ಬರುವುದಿಲ್ಲ.

ನಿಮ್ಮ ಫೈಲು ಯಾವುದು ಅಂತ ನೋಡುವುದು ಸುಲಭ. ಹಳೇ ಪಿಸಿಯಲ್ಲೇ ತೆರೆದು ಒಂದು ಸಾಲು ಆಯ್ದುಕೊಳ್ಳಿ, ಫಾಂಟನ್ನು ಏರಿಯಲ್ ಅಂತ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯುನಿಕೋಡ್, ಚಿಂತೆ ಇಲ್ಲ. ಇಂಗ್ಲಿಷ್ ಗೋಜಲಾದರೆ ಹಳೇ ಸಂಕೇತ, ಪರಿವರ್ತನೆ ಬೇಕು. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ, ಅಂತರ್ಜಾಲದಲ್ಲೂ ಉಚಿತವಾಗಿ ಸಿಗುತ್ತವೆ. ಆದರೆ ಆಮೇಲೆ ಕಣ್ಣಾಡಿಸಲೇಬೇಕು, ಅರ್ಕಾವತ್ತಿನ ಕಡೆ ಜಾಸ್ತಿ ಗಮನವಿರಲಿ. ಹಳೇ ಫಾಂಟಿನಲ್ಲಿ ಅದು ಕಂಡ ಹಾಗೆಯೇ ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ 'ರ' ಮೊದಲು ಬರಬೇಕು. ಈ ಅದಲುಬದಲು ತಪ್ಪಿದರೆ ಸದಸ್ಯರ ಪಟ್ಟಿಯ ಕರ್ಕೇರರ ಹೆಸರೇ ಕೆಡುತ್ತದೆ. ನಡುವೆ ಇಂಗ್ಲಿಷ್‌ನಲ್ಲಿದ್ದ ವಿಳಾಸ, ಇಮೇಲ್‌ಗಳನ್ನೂ ಪರಿವರ್ತಕ ಕನ್ನಡ ಅಂತಲೇ ತಿಳಿದು ತಿರುಚಿಬಿಡಬಹುದು. ಆದ್ದರಿಂದ ಮೂಲ ಫೈಲನ್ನೂ, ಅದರ ಫಾಂಟನ್ನೂ ಜೊತೆಗೇ ಉಳಿಸಿಕೊಳ್ಳಿ. ಪಿಡಿಎಫ್ ಇದೆಯಲ್ವಾ ಅಂತ ಸುಮ್ಮನಾಗಬೇಡಿ. ಅದರಲ್ಲಿ ಫಾಂಟ್ ಅಡಕವಾಗಿದ್ದರೆ ಓದಬಹುದು, ಆದರೆ ಹುಡುಕಲು, ಕಾಪಿ ಮಾಡಲು ಹೋದರೆ ಮತ್ತೆ ಅದೇ ಗೋಜಲು.

ಇನ್ನು ಮುಂದೆ ಬರೆಯುವುದಕ್ಕೆ ಯಾವ ತಂತ್ರಾಂಶ ಆದರೂ ಸರಿ, ಯುನಿಕೋಡ್ ಒಂದಿದ್ದರೆ ಸಾಕು. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡದ ಫೋನೆಟಿಕ್ ಕೀಲಿಮಣೆ ಇದೆ. ಹಳೇ ಪಿಸಿ ಬಿಸಾಡಲು ಮನಸ್ಸಿಲ್ಲದವರು ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದರೆ, ಕೆ.ಪಿ. ರಾವ್ ಅವರ ಕೀಲಿಮಣೆಯೇ 'ಕಗಪ' ಎಂಬ ಹೆಸರಿನಲ್ಲಿ ಸಿಗುತ್ತದೆ. ಬರೆಯಲು ಬೇಕಾದ ಲಿಬ್ರೆ ಆಫೀಸ್ ತಂತ್ರಾಂಶ ಉಚಿತ.

ಎಲ್ಲಕ್ಕಿಂತ ತುರ್ತಾಗಿ ನೋಡಬೇಕಾದದ್ದು ಸಂಘಗಳ ಆಫೀಸಿನ ಪಿಸಿಗಳನ್ನು. ಅಲ್ಲಿ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ಶ್ರೀಲಿಪಿ ತಂತ್ರಾಂಶ ಇದ್ದರೆ ಅದರ ಸಂಕೇತ ನುಡಿಯದಲ್ಲ, ನುಡಿಯ ಪರಿವರ್ತಕ ಅದಕ್ಕೆ ನಡೆಯುವುದಿಲ್ಲ. ಹಳೇ ಶ್ರೀಲಿಪಿ ನಡೆಯಬೇಕಾದರೆ ಪಿಸಿಯ ಹಿಂದೆ ಸಿಕ್ಕಿಸುವ ಲಾಕ್ ಕೂಡ ಬೇಕು. ಆ ಲಾಕ್ ಯಾರ ಕಪಾಟಿನಲ್ಲಿದೆ ಅಂತ ಹಳೇ ಕಾರ್ಯದರ್ಶಿಗಳನ್ನು ಈ ವಾರವೇ ಕೇಳಿ.