ಹೊಲಿದರೂ ನಿಲ್ಲದ ರಜ್ಜು

ಮಂಡಿ ಬದಲಿಸಿಕೊಂಡವರು ಕೃತಕ ಕೀಲು ಎಷ್ಟು ವರ್ಷ ಬಾಳುತ್ತದೆಂದು ಲೆಕ್ಕ ಹಾಕುತ್ತಾರೆಯೇ ಹೊರತು, ಅದನ್ನು ಆಡಿಸುವ ರಜ್ಜುವನ್ನು ನೆನೆಯುವುದೇ ಇಲ್ಲ. ಲೋಹ ಹಾಗೂ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ಕೀಲು ಎಷ್ಟೇ ಸೊಗಸಾಗಿ ಕೂತಿರಲಿ, ತೊಡೆಯ ಕ್ವಾಡ್ರಿಸೆಪ್ಸ್ ಸ್ನಾಯುವಿನಿಂದ ಹೊರಟು, ಮಂಡಿಚಿಪ್ಪನ್ನು ಹಾದು, ಮಂಡಿಯ ಕೆಳಗಿನ ಟಿಬಿಯಾ ಮೂಳೆಯನ್ನು ಹಿಡಿದುಕೊಳ್ಳುವ ಸ್ನಾಯುರಜ್ಜು (ಟೆಂಡನ್) ಹರಿದರೆ ಕಾಲನ್ನು ನೆಟ್ಟಗೆ ಚಾಚಲಾಗದು. ಮೆಟ್ಟಿಲಿನ ಮೇಲೆ ಮಂಡಿ ಥಟ್ಟನೆ ಕುಸಿಯುತ್ತದೆ. ತಿಕ್ಕಿ ನೀವಿದರೆ, ವ್ಯಾಯಾಮ ಮಾಡಿಸಿದರೆ ಪೂರ್ತಿ ಹರಿದ ರಜ್ಜು ಕೂಡಿಕೊಳ್ಳುತ್ತದೆಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ.

ಹಾಗಾದರೆ ಹೊಲಿದುಬಿಡಬಹುದಲ್ಲ? ಸಹಜ ಮಂಡಿಯಲ್ಲಿ ಹೊಲಿಗೆ ಸಾಮಾನ್ಯವಾಗಿ ನಿಲ್ಲುತ್ತದೆ. ಬದಲಿಸಿದ ಮಂಡಿಯಲ್ಲಿ ಹಿಂದಿನ ಶಸ್ತ್ರಚಿಕಿತ್ಸೆಯಿಂದ ರಕ್ತಪೂರೈಕೆ ಕುಗ್ಗಿರುತ್ತದೆ, ಊತಕ (ಅಂಗಾಂಶ) ಗಾಯದ ಕಲೆಗಟ್ಟಿರುತ್ತದೆ. ಜೊತೆಗೆ ಮಧುಮೇಹವೋ ಸಂಧಿವಾತವೋ ಇದ್ದರಂತೂ ಸ್ಥಿತಿ ಇನ್ನೂ ಕಷ್ಟ. ಜೀರ್ಣವಾದ ಬಟ್ಟೆಯಲ್ಲಿ ದಾರ ಗಟ್ಟಿಯಾಗಿದ್ದರೂ ಬಟ್ಟೆಯೇ ಸೀಳಿಹೋಗುವಂತೆ ಇಲ್ಲಿ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ದಾನಿಯ ಶರೀರದಿಂದ ಪಡೆದ ರಜ್ಜುವನ್ನು ಕಸಿ ಮಾಡುವ ಪದ್ಧತಿ ಬಂದಿತು.

ನನಗೆ ಅತ್ಯಂತ ಸ್ವಾರಸ್ಯಕರವೆನಿಸುವುದು ಆ ಕಸಿಯ ಬಿಗಿ. ಸಡಿಲವಾದ ಹಗ್ಗವನ್ನು ಎಳೆದಾಗ ಮೊದಲ ಎಳೆತವೆಲ್ಲ ಜೋಲನ್ನು ನೆಟ್ಟಗಾಗಿಸುವುದರಲ್ಲೇ ವ್ಯರ್ಥವಾಗುತ್ತದೆ. ಹೆದೆ ಸಡಿಲವಾದ ಬಿಲ್ಲಿನಿಂದ ಬಾಣ ಹಾರದು. ತಂತಿ ಸಡಿಲವಾದ ವೀಣೆ ನುಡಿಯದು. ಸ್ನಾಯುವಿಗೂ ಕುಗ್ಗಬಲ್ಲ ದೂರಕ್ಕೊಂದು ಮಿತಿಯಿದೆ, ಜೋಲು ಅದನ್ನೇ ನುಂಗಿಬಿಡುತ್ತದೆ. 2004ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಅಲ್ಪ ಬಿಗಿಯಿಂದ ಕೂರಿಸಿದ 7 ಕಸಿಗಳೂ ವಿಫಲವಾದವು. ಕಾಲನ್ನು ಪೂರ್ತಿ ಚಾಚಿ ಬಿಗಿಯಾಗಿ ಕಟ್ಟಿದ 13 ಕಸಿಗಳೂ ಫಲಿಸಿದವು. ಹೀಗೆ ಕಟ್ಟಿದ ಮೇಲೆ ಎಷ್ಟು ಬಾಗುತ್ತದೆಂದು ನೋಡಲು ಶಸ್ತ್ರಚಿಕಿತ್ಸಕರು ಅಲ್ಲಿಯೇ ಮಂಡಿಯನ್ನು ಮಡಿಸುವಂತಿಲ್ಲ.

ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2011ರಲ್ಲಿ ವಿವರಿಸಿದ ವಿಧಾನದಲ್ಲಿ ದಾನಿಯ ರಜ್ಜುವೂ ಬೇಡ. ಹರ್ನಿಯಾ ದುರಸ್ತಿಗೆ ಬಳಸುವಂಥ ಪಾಲಿಪ್ರೊಪಿಲೀನ್ ಜಾಲರಿಯನ್ನು ಹಲವು ಪದರಗಳಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಟಿಬಿಯಾದೊಳಗೆ ಮೂಳೆಸಿಮೆಂಟಿನಿಂದ ಕೂರಿಸಿ, ಇನ್ನೊಂದನ್ನು ತೊಡೆಯ ಸ್ನಾಯುಗಳ ನಡುವೆ ಹುದುಗಿಸಿ ಹೊಲಿಯುತ್ತಾರೆ. ಚಪ್ಪರಕ್ಕೆ ಬಳ್ಳಿ ಹಬ್ಬುವಂತೆ ರೋಗಿಯದೇ ನಾರು ಊತಕ ಜಾಲರಿಯ ಕಣ್ಣುಗಳೊಳಗೆ ಹಬ್ಬಬೇಕು. ಮಂಡಿ ಬದಲಿಸಿದ ಮರುದಿನವೇ ಕಾಲು ಬಾಗಿಸಲು ಹೇಳಿಸಿಕೊಂಡಿದ್ದ ವ್ಯಕ್ತಿಗೆ ಈಗ ಸುಮಾರು ಮೂರು ತಿಂಗಳು ನೆಟ್ಟಗಿನ ಪ್ಲಾಸ್ಟರ್. ಅದನ್ನು ತೆಗೆದ ಮೇಲೂ ಮಂಡಿಗೆ ಕಟ್ಟುವ ಆಧಾರಪಟ್ಟಿಯ (ಬ್ರೇಸ್) ಮಿತಿಯೊಳಗೆ, ವಾರಗಟ್ಟಲೆ, ಸ್ವಲ್ಪಸ್ವಲ್ಪವಾಗಿಯೇ ಬಾಗುವಿಕೆಯನ್ನು ಹೆಚ್ಚಿಸಲಾಗುತ್ತದೆ.