ಎಂಟು ರಾಣಿಯರ ಲೆಕ್ಕವನ್ನು ಮನೆ ಮನೆಗೆ ಹಂಚುವುದು ಹೇಗೆ?

64 ಮನೆಗಳ ಚದುರಂಗದ ಹಲಗೆಯ ಮೇಲೆ ಎಂಟು ರಾಣಿಯರನ್ನು ಕೂರಿಸಬೇಕು. ಅಡ್ಡ, ಉದ್ದ, ಓರೆ ಯಾವ ದಿಕ್ಕಿಗೂ ಎಷ್ಟು ಮನೆಯಾದರೂ ಸಾಗುವ ಒಬ್ಬಳ ಹೊಡೆತ ಇನ್ನೊಬ್ಬಳಿಗೆ ತಾಗಬಾರದು. (ಮಂತ್ರಿ, ಒಂಟೆ ಎಂದು ಆಡಿ ಬೆಳೆದವರು ರಾಣಿ ಎಂದಲ್ಲೆಲ್ಲ ಮಂತ್ರಿ ಎಂದೇ ಓದಿಕೊಳ್ಳಿ.) 1848ರಲ್ಲಿ ಜರ್ಮನಿಯ ಮ್ಯಾಕ್ಸ್ ಬೆಟ್ಸೆಲ್ ಈ ಒಗಟನ್ನು ಮುಂದಿಟ್ಟ. ಒಟ್ಟು 92 ರೀತಿಯಲ್ಲಿ ಕೂರಿಸಬಹುದು.

ಮೊದಲು ನಾನೇ ಎಡವಿದ ಜಾಗ ಹೇಳಿಬಿಡುತ್ತೇನೆ. ಒಂದು ಉತ್ತರ ಹುಡುಕುವುದು ಬೇರೆ, ಎಲ್ಲ ಉತ್ತರಗಳನ್ನು ಎಣಿಸುವುದು ಬೇರೆ. ಹಲಗೆ ಎಷ್ಟೇ ದೊಡ್ಡದಿರಲಿ, ಒಂದು ಉತ್ತರ ಬರೆದುಕೊಡುವ ಸಿದ್ಧ ನಿಯಮವಿದೆ. ಒಟ್ಟು ಎಷ್ಟು ಎಂಬುದಕ್ಕೆ ಮಾತ್ರ ನೇರ ಸೂತ್ರ ಸಿಕ್ಕಿಲ್ಲ. ಕೂರಿಸಿ, ಕೆಟ್ಟರೆ ಹಿಂದೆ ಸರಿದು, ಮತ್ತೆ ಕೂರಿಸಿಯೇ ಎಣಿಸಬೇಕು.

4×4 ಹಲಗೆಯಲ್ಲಿ ಕೈಯಾರೆ ಮಾಡಿ ನೋಡಿ. ಮೊದಲ ಸಾಲಿನಲ್ಲಿ ರಾಣಿ 1ನೇ ಮನೆಯಲ್ಲಿದ್ದರೆ ಎರಡನೆಯ ಸಾಲಿನಲ್ಲಿ 3 ಅಥವಾ 4 ಉಳಿಯುತ್ತದೆ. 3 ಎಂದರೆ ಮೂರನೆಯ ಸಾಲಿನಲ್ಲಿ ಜಾಗವೇ ಇಲ್ಲ. 4 ಎಂದರೆ ಮೂರನೆಯದರಲ್ಲಿ 2 ಸಿಗುತ್ತದೆ, ನಾಲ್ಕನೆಯದರಲ್ಲಿ ದಾರಿ ಮುಚ್ಚುತ್ತದೆ. ಮೊದಲ ರಾಣಿಯನ್ನು 2ಕ್ಕೆ ಸರಿಸಿದರೆ 2, 4, 1, 3 ಎಂದು ಸಲೀಸಾಗಿ ಕೂರುತ್ತಾರೆ. ಅದರ ಕನ್ನಡಿ ಬಿಂಬ 3, 1, 4, 2. ಒಟ್ಟು ಎರಡೇ.

ಇಲ್ಲಿ ಗಮನಿಸಬೇಕಾದದ್ದು, ಮೊದಲ ರಾಣಿಯನ್ನು 1ರಲ್ಲಿ ಕೂರಿಸಿ ಹುಡುಕುವವನಿಗೂ 2ರಲ್ಲಿ ಕೂರಿಸಿ ಹುಡುಕುವವನಿಗೂ ಪರಸ್ಪರ ಮಾತೇ ಬೇಕಿಲ್ಲ. ಹಾಗಾಗಿಯೇ ಈ ಲೆಕ್ಕವನ್ನು ದೂರ ದೂರದ ಮನೆಗಳ ಕಂಪ್ಯೂಟರುಗಳಿಗೆ ಹಂಚಬಹುದು. ಬೀಡಿ ಎಲೆ, ತಂಬಾಕು ಮನೆಗೆ ಒಯ್ದು, ಕಟ್ಟಿ ತಂದು ಒಪ್ಪಿಸುವ ಹಾಗೆ. ಚಿಲಿಯ ಕಾನ್ಸೆಪ್ಸಿಯೋನ್ ವಿಶ್ವವಿದ್ಯಾಲಯದ ‘ಎನ್‌ಕ್ವೀನ್ಸ್ ಅಟ್ ಹೋಮ್’ ಯೋಜನೆ ಮಾಡಿದ್ದು ಇದನ್ನೇ. ಸ್ವಯಂಸೇವಕರು ‘ಬೋಯಿಂಕ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಸಾಕಿತ್ತು, ಯಂತ್ರದ ಬಿಡುವಿನ ಹೊತ್ತಿನಲ್ಲಿ ಎಣಿಕೆ ನಡೆಯುತ್ತಿತ್ತು. ಮನೆಗೆ ಬರುತ್ತಿದ್ದದ್ದು ಮೊದಲ ಕೆಲವು ರಾಣಿಯರ ಸ್ಥಾನ. ಹಿಂತಿರುಗುತ್ತಿದ್ದದ್ದು ಒಂದು ಸಂಖ್ಯೆ. ನಿಧಾನದ ಇಂಟರ್ನೆಟ್ಟೂ ಧಾರಾಳವಾಯಿತು.

ಹಂಚಿಕೆ ಸಮನಾಗಿರುತ್ತದೆ ಎಂದುಕೊಳ್ಳಬೇಡಿ. ಎಂಟರ ಹಲಗೆಯಲ್ಲಿ ಮೊದಲ ರಾಣಿ ಮೂಲೆಯಲ್ಲಿದ್ದರೆ ಉತ್ತರಗಳು 4. ಮುಂದಿನ ಮನೆಗಳಲ್ಲಿ 8, 16, 18. ಅಲ್ಲಿಂದಾಚೆ ಕನ್ನಡಿಯಂತೆ 18, 16, 8, 4. ಅಂದರೆ ಅರ್ಧ ಎಣಿಸಿ ಎರಡರಿಂದ ಗುಣಿಸಿದರಾಯಿತು (ಬೆಸಸಂಖ್ಯೆಯ ಹಲಗೆಯಲ್ಲಿ ನಡುವಿನ ಮನೆಯನ್ನು ಬೇರೆ ನೋಡಬೇಕು). ಆದರೆ ಒಂದೇ ರಾಣಿಯನ್ನು ಕೂರಿಸಿ ಹಂಚಿದರೆ ತುಂಡುಗಳು ತೀರಾ ಕಡಿಮೆ, ಒಂದೊಂದೂ ಹೊರಲಾರದಷ್ಟು ದೊಡ್ಡದು. ಅದಕ್ಕೇ ಹಲವು ಸಾಲುಗಳನ್ನು ಮೊದಲೇ ತುಂಬಿ ಸಣ್ಣ ಸಣ್ಣ ಗಂಟು ಕಟ್ಟುತ್ತಾರೆ.

ನನಗೆ ಹೆಚ್ಚು ಸ್ವಾರಸ್ಯ ಕಂಡದ್ದು ನಂಬಿಕೆಯ ಪ್ರಶ್ನೆ. ಒಂದು ಉತ್ತರ ಸರಿಯೇ ಎಂದು ಹಲಗೆ ನೋಡಿ ಕ್ಷಣದಲ್ಲಿ ಹೇಳಬಹುದು. ‘ನನ್ನ ಗಂಟಿನಲ್ಲಿ ಇಷ್ಟೇ ಇದ್ದವು’ ಎಂಬ ಮಾತನ್ನು ಪರೀಕ್ಷಿಸಲು ಮತ್ತೆ ಎಣಿಸುವುದೇ ದಾರಿ. ಯಾರದೋ ಯಂತ್ರ ಬಿಸಿಯೇರಿ ಒಂದು ಅಂಕಿ ತಪ್ಪಿದರೂ ಇಡೀ ಮೊತ್ತ ಕೆಡುತ್ತದೆ. ಒಂದೇ ಗಂಟನ್ನು ಇಬ್ಬರಿಗೆ ಕೊಟ್ಟು, ಎರಡೂ ಸಂಖ್ಯೆ ಹೊಂದಿದರೆ ಮಾತ್ರ ಒಪ್ಪಿಕೊಳ್ಳುವ ಏರ್ಪಾಡು ಬೋಯಿಂಕ್‌ನಲ್ಲೇ ಇದೆ. ದುಬಾರಿ, ಆದರೆ ಬೇರೆ ಉಪಾಯವಿಲ್ಲ.

25ರ ಹಲಗೆಯ ಲೆಕ್ಕ 2005ರಲ್ಲಿ ಮುಗಿಯಿತು. ಫ್ರಾನ್ಸಿನ ಇನ್ರಿಯಾ ಸಂಸ್ಥೆಯವರು ಸುಮಾರು 260 ಮೇಜಿನ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ಆರು ತಿಂಗಳು ದುಡಿಸಿಕೊಂಡರು. ಒಂದೇ ಯಂತ್ರಕ್ಕೆ ಹಚ್ಚಿದ್ದರೆ ಐವತ್ತಕ್ಕೂ ಹೆಚ್ಚು ವರ್ಷ. ಉತ್ತರ 2,20,78,93,43,58,08,352. ಆಮೇಲೆ ಗೆದ್ದದ್ದು ಮನೆಯ ಯಂತ್ರಗಳಲ್ಲ, ಈ ಒಂದೇ ಲೆಕ್ಕಕ್ಕೆಂದು ಒಳಗಿನ ಸರ್ಕ್ಯೂಟನ್ನೇ ಜೋಡಿಸಿಕೊಂಡ ಚಿಪ್‌ಗಳು. ಜರ್ಮನಿಯ ಡ್ರೆಸ್ಡೆನ್‌ನವರು 2009ರಲ್ಲಿ 26ನ್ನೂ 2016ರಲ್ಲಿ 27ನ್ನೂ ಹಾಗೆಯೇ ಮುಗಿಸಿದರು.

ಅಭ್ಯಾಸಕ್ಕೆ 6×6 ಹಲಗೆ ಬರೆದುಕೊಂಡು ಮೂವರು ಗೆಳೆಯರಿಗೆ 1, 2, 3ನೇ ಮನೆಗಳ ಗಂಟು ಹಂಚಿ. ಮೂವರ ಮೊತ್ತವನ್ನು ಎರಡರಿಂದ ಗುಣಿಸಿದರೆ ಒಟ್ಟು 4 ಬರಬೇಕು. ಮೂಲೆಯ ಗಂಟು ಸಿಕ್ಕವನು ಎಷ್ಟೇ ಹೆಣಗಿದರೂ ಸೊನ್ನೆ ತರುತ್ತಾನೆ. ಅವನನ್ನು ಬೈಯಬೇಡಿ, ಅವನ ಸೊನ್ನೆಯನ್ನೂ ಕೂಡಿಕೊಳ್ಳಿ.