ಐನ್‌ಸ್ಟೀನ್ ಯಾರ ಲೆಕ್ಕಕ್ಕೆ?

ವಿಶ್ವವಿದ್ಯಾಲಯಗಳಿಗೆ ನಂಬರ್ ಕೊಡುವ ಪಟ್ಟಿಗಳಲ್ಲಿ ಶಾಂಘೈ ಪಟ್ಟಿ ಹೆಸರುವಾಸಿ. ಬರ್ಲಿನ್‌ನ ಎರಡು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಾದ ಹಂಬೋಲ್ಟ್ ಮತ್ತು ಫ್ರೀ ಯೂನಿವರ್ಸಿಟಿ ಅದರಲ್ಲಿ ವರ್ಷಗಟ್ಟಲೆ ಕಾಣಲೇ ಇಲ್ಲ. ಸಂಶೋಧನೆ ಕಳಪೆ ಅಂತಲ್ಲ. ಯಾವತ್ತೋ ತೀರಿಹೋದವರ ನೊಬೆಲ್ ಯಾರ ಪಾಲಿಗೆ ಸೇರಬೇಕು ಅನ್ನೋದು ಬಗೆಹರಿಯಲಿಲ್ಲ, ಅಷ್ಟೇ.

ಈ ಜಗಳದ ಬೇರು 200 ವರ್ಷ ಹಿಂದಿದೆ. 1806ರಲ್ಲಿ ನೆಪೋಲಿಯನ್ ಕೈಲಿ, ಬರ್ಲಿನ್ ರಾಜಧಾನಿಯಾಗಿದ್ದ ಪ್ರಶ್ಯ ರಾಜ್ಯ ಸೋತು ಸುಣ್ಣವಾಯಿತು. ಹಾಲೆ ಊರಿನ ಹೆಸರಾಂತ ವಿಶ್ವವಿದ್ಯಾಲಯವೂ ಕೈತಪ್ಪಿತು. ಅಂಥ ಹೊತ್ತಿನಲ್ಲಿ ದೊರೆ ಬರ್ಲಿನ್‌ನಲ್ಲಿ ಹೊಸದೊಂದನ್ನು ತೆರೆಯಲು ಒಪ್ಪಿದ. ಯೋಜನೆ ಹಾಕಿದವನು ಆಗ ಶಿಕ್ಷಣದ ಉಸ್ತುವಾರಿ ಹೊತ್ತಿದ್ದ ವಿಲ್ಹೆಲ್ಮ್ ಫಾನ್ ಹಂಬೋಲ್ಟ್. ಕಟ್ಟಡ ಕಟ್ಟುವ ಗೋಜಿಗೇ ಹೋಗದೆ ರಾಜಕುಮಾರ ಹೈನ್‌ರಿಶ್‌ನ ಅರಮನೆಯನ್ನು ಬಿಟ್ಟುಕೊಟ್ಟರು. 1810ರಲ್ಲಿ 256 ವಿದ್ಯಾರ್ಥಿಗಳು, 52 ಮೇಷ್ಟ್ರುಗಳೊಂದಿಗೆ ಪಾಠ ಶುರುವಾಯಿತು.

ಗೊತ್ತಿರುವುದನ್ನು ಸುಮ್ನೆ ಒಪ್ಪಿಸಿ ಹೋಗುವವನು ಪೂರ್ತಿ ಮೇಷ್ಟ್ರಲ್ಲ. ಗೊತ್ತಿಲ್ಲದ್ದನ್ನು ಅವನೂ ಹುಡುಕಬೇಕು, ವಿದ್ಯಾರ್ಥಿಯೂ ಜೊತೆಗೆ ಕೂತು ಹುಡುಕಬೇಕು. ಇದು ಹಂಬೋಲ್ಟ್ ವಿಚಾರ. ಈಗ ಇದರಲ್ಲಿ ಹೊಸದೇನೂ ಕಾಣಲ್ಲ, ಅಲ್ವಾ? ಆದರೆ 1876ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ತೆರೆದಾಗಲೂ ಕಣ್ಣಮುಂದೆ ಇಟ್ಟುಕೊಂಡದ್ದು ಈ ಜರ್ಮನ್ ಮಾದರಿಯನ್ನೇ.

ಹಂಬೋಲ್ಟ್‌ಗೆ ಇನ್ನೊಂದು ಆಸೆ ಇತ್ತು. ವರ್ಷವರ್ಷ ಖಜಾನೆ ಮುಂದೆ ಕೈಯೊಡ್ಡಿದರೆ ಸ್ವಾತಂತ್ರ್ಯ ಉಳಿಯಲ್ಲ, ವಿಶ್ವವಿದ್ಯಾಲಯಕ್ಕೆ ಆದಾಯ ಬರುವ ಸ್ವಂತ ಜಮೀನು ಕೊಡಿ ಎಂದು ಕೇಳಿದ. ಕೊಡಲಿಲ್ಲ. ಕೊಟ್ಟಿದ್ದರೂ 1933ರಲ್ಲಿ ಅದು ಕಾಪಾಡುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಆ ವರ್ಷ ನಾಜಿಗಳು ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದರು. ಅಮೆರಿಕಕ್ಕೆ ಹೋಗಿದ್ದ ಐನ್‌ಸ್ಟೀನ್ ಬರ್ಲಿನ್‌ಗೆ ಮತ್ತೆ ಕಾಲಿಡಲಿಲ್ಲ. ಮೇ 10ರ ರಾತ್ರಿ ವಿಶ್ವವಿದ್ಯಾಲಯದ ಎದುರಿನ ಚೌಕದಲ್ಲೇ ಪುಸ್ತಕಗಳನ್ನು ಸುಟ್ಟರು. ಸುಟ್ಟವರಲ್ಲಿ ವಿದ್ಯಾರ್ಥಿಗಳೇ ಮುಂದಿದ್ದರು.

ಎರಡನೇ ಮಹಾಯುದ್ಧ ಮುಗಿದಾಗ ಗೆದ್ದ ದೇಶಗಳು ಬರ್ಲಿನ್ ಅನ್ನು ವಲಯಗಳಾಗಿ ಹಂಚಿಕೊಂಡವು, ವಿಶ್ವವಿದ್ಯಾಲಯವಿದ್ದ ಹಳೆಯ ಅರಮನೆ ಸೋವಿಯತ್ ವಲಯಕ್ಕೆ ಸಿಕ್ಕಿತು. ಕಮ್ಯುನಿಸ್ಟರ ಹಿಡಿತ ಬಿಗಿಯಾಯಿತು. ಎದುರು ಮಾತಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿದರು. ಒಂದಷ್ಟು ವಿದ್ಯಾರ್ಥಿಗಳು, ಮೇಷ್ಟ್ರುಗಳು ಎದ್ದುಬಂದು 1948ರಲ್ಲಿ ಬರ್ಲಿನ್‌ನ ಅಮೆರಿಕದ ವಲಯದ ಡಾಲೆಮ್ ಬಡಾವಣೆಯಲ್ಲಿ ಫ್ರೀ ಯೂನಿವರ್ಸಿಟಿ ತೆರೆದರು. ಮರುವರ್ಷ ಹಳೆಯದಕ್ಕೆ ಹಂಬೋಲ್ಟ್ ಎಂಬ ಹೆಸರು ಬಂತು. ಮನೆ ಎರಡು ಪಾಲಾಯಿತು, ಗೋಡೆಯ ಮೇಲಿನ ಅಜ್ಜಂದಿರ ಫೋಟೋ ಮಾತ್ರ ಪಾಲಾಗಲಿಲ್ಲ.

2003ರಲ್ಲಿ ಶಾಂಘೈನ ಜಿಯಾವೊ ಟೋಂಗ್ ವಿಶ್ವವಿದ್ಯಾಲಯ ತನ್ನ ಮೊದಲ ಪಟ್ಟಿ ಹೊರತಂದಿತು. ಚೀನಾದ ವಿಶ್ವವಿದ್ಯಾಲಯಗಳು ಜಗತ್ತಿಗಿಂತ ಎಷ್ಟು ಹಿಂದಿವೆ ಎಂದು ತಿಳಿಯುವುದು ಅವರ ಉದ್ದೇಶ. ಈ ಲೆಕ್ಕದಲ್ಲಿ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕಕ್ಕೇ ಶೇಕಡಾ 30 ಪಾಲು: ಹಳೆ ವಿದ್ಯಾರ್ಥಿಗಳು ಗೆದ್ದದ್ದಕ್ಕೆ 10, ಅಲ್ಲಿನ ಅಧ್ಯಾಪಕರು ಗೆದ್ದದ್ದಕ್ಕೆ 20. ಹಳೆಯದಾದಷ್ಟೂ ಅಂಕ ಕಡಿಮೆ, ಆದರೂ ಅಂಕ ಅಂಕವೇ. ತರಗತಿಯಲ್ಲಿ ಪಾಠ ಹೇಗಿದೆ ಅಂತ ಯಾರೂ ನೋಡುವುದಿಲ್ಲ. ಹಳೆ ವಿದ್ಯಾರ್ಥಿ ನೊಬೆಲ್ ಗೆದ್ದರೆ ಪಾಠ ಚೆನ್ನಾಗಿತ್ತು ಅಂತಲೇ ಲೆಕ್ಕ!

ಐನ್‌ಸ್ಟೀನ್‌ಗೆ 1921ರ ನೊಬೆಲ್ ಸಿಕ್ಕಾಗ ಅವರು ಬರ್ಲಿನ್‌ನಲ್ಲಿ ಪ್ರಾಧ್ಯಾಪಕರು. ಆ ಅಂಕ ಯಾರಿಗೆ? ಕಟ್ಟಡ ನಮ್ಮದು ಅಂತ ಹಂಬೋಲ್ಟ್ ಹೇಳಬಹುದು. ಪರಂಪರೆ ನಮ್ಮ ಜೊತೆ ಬಂತು ಅಂತ ಫ್ರೀ ಯೂನಿವರ್ಸಿಟಿ ಹೇಳಬಹುದು. ಎರಡೂ ಹಕ್ಕು ಕೇಳಿದವು. ಶಾಂಘೈಯವರು ತೀರ್ಪು ಕೊಡುವ ಬದಲು ಎರಡನ್ನೂ ಪಟ್ಟಿಯಿಂದಲೇ ಕೈಬಿಟ್ಟರು.

ತಮಾಷೆ ಏನಂದ್ರೆ, ಅದೇ 2003ರಲ್ಲಿ ಇವೆರಡರ ವೈದ್ಯಕೀಯ ವಿಭಾಗಗಳು ಶರಿಟೆ ಆಸ್ಪತ್ರೆಯ ಹೆಸರಲ್ಲಿ ಒಂದಾದವು. 2019ರಲ್ಲಿ ಜರ್ಮನಿಯ ಉತ್ಕೃಷ್ಟತಾ ಅನುದಾನ ಗೆದ್ದಾಗಲೂ, ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯವನ್ನೂ ಸೇರಿಸಿಕೊಂಡು, ಜಂಟಿಯಾಗಿಯೇ ಗೆದ್ದವು.